ಎಡಗೈ ಗುಂಡಿಗೆ ಕಟ್ಟಿದ ಟ್ಯೂಬು

ಬಸಪ್ಪ, ಆ ದಿನ ಪ್ರೆಸ್ಸಿನ ಎಡಗೈ ಗುಂಡಿಗೆ ಸೈಕಲ್ ಟ್ಯೂಬು ಕಟ್ಟಿದ್ದು ನೀನಲ್ಲ, ನಾನು. ಇಷ್ಟನ್ನು ಬರೆಯಲು ಹತ್ತೊಂಬತ್ತು ವರ್ಷ ಹಿಡಿಯಿತು.

ಪೀಣ್ಯದ ನಮ್ಮ ಕಾರ್ಖಾನೆಗೆ ಆಗ ಕಾರು ಕಂಪನಿಗಳಿಂದ ಆರ್ಡರ್ ಮೇಲೆ ಆರ್ಡರ್. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಮಾಲೀಕರು ದಿನಕ್ಕೆರಡು ಸಲ ಬಂದು ಹೇಳುತ್ತಿದ್ದರು. ತಗಡು ಒತ್ತುವ ಪ್ರೆಸ್ಸಿಗೆ ಎರಡು ಗುಂಡಿ — ಎರಡೂ ಕೈಯಿಂದ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು, ಕೈ ಒಳಗೆ ಸಿಕ್ಕಬಾರದೆಂದು. ಎಡಗಡೆಯದನ್ನು ಹಳೇ ಟ್ಯೂಬಿನಿಂದ ಬಿಗಿದುಬಿಟ್ಟರೆ ಬಲಗೈಯೊಂದೇ ಸಾಕು, ಎಡಗೈ ತಗಡು ಇಡುತ್ತಾ ಹೋಗಬಹುದು. ಎಲ್ಲರೂ ಕಟ್ಟುತ್ತಿದ್ದರು, ನೀನೂ. ಸೂಪರ್‌ವೈಸರ್ ಅನ್ನಿಸಿಕೊಂಡ ನಾನು ನೋಡಿಯೂ ನೋಡದವನಂತೆ ಓಡಾಡುತ್ತಿದ್ದೆ.

ಮಗಳು ಗೌರಿ ಹುಟ್ಟಿದಳೆಂದು ಗದಗಕ್ಕೆ ಹೋಗಿ ಬಂದ ನೀನು ಪೇಡ ಕೈಗಿಟ್ಟು ಅಂದೆ — "ಇನ್ ಮ್ಯಾಲ ನಾ ಟ್ಯೂಬ್ ಕಟ್ಟಂಗಿಲ್ರಿ ಸರ. ಗೌರಿ ಮ್ಯಾಲ ಆಣಿ ಮಾಡೇನಿ."

ಒಂದು ವಾರ ನಿನ್ನ ಕೆಲಸ ನಿಧಾನವಾಯಿತು. ಮಾಲೀಕರಿಂದ ಬೈಸಿಕೊಂಡವನು ನಾನು, ನಿಜ. ಆದರೆ ನನ್ನನ್ನು ಕೆಣಕಿದ್ದು ಸಿಟ್ಟಲ್ಲ — ಕುತೂಹಲ. ಇವನ ಆಣೆ ಎಷ್ಟು ಗಟ್ಟಿ? ಯಾರೋ ಕಟ್ಟಿಟ್ಟಿದ್ದರೆ ಬಿಚ್ಚುತ್ತಾನೋ, ಸುಮ್ಮನೆ ಓಡಿಸುತ್ತಾನೋ? ನೋಡೇಬಿಡೋಣ ಅಂತ... ನೀನು ಟೀಗೆ ಹೋದಾಗ ನಾನು ಕಟ್ಟಿದೆ. ಗ್ರೀಸ್ ಮೆತ್ತಿದ ಕಪ್ಪು ಗುಂಡಿ, ಕಪ್ಪು ಟ್ಯೂಬು. ನಿನ್ನ ಕಣ್ಣಿಗೆ ಬೀಳಲೇ ಇಲ್ಲ. ನೀನು ಎಡಗೈಯಲ್ಲಿ ತಗಡು ಇಡುತ್ತಿದ್ದೆ, ಬಲಗೈ ಹಳೇ ಅಭ್ಯಾಸದಂತೆ ಗುಂಡಿಯ ಮೇಲೆ ಊರಿತು — ಅಚ್ಚು ಇಳಿದು ಎಡಗೈಯ ನಾಲ್ಕು ಬೆರಳು ಹೋದವು.

ಯೂನಿಯನ್ ಲೀಡರ್ ಗೇಟಿನೆದುರು ಮೂರು ದಿನ ಬಾವುಟ ಹಿಡಿದು ಕೂಗಿದ. ಚುನಾವಣೆ ಹತ್ತಿರವಿತ್ತು, ಅವನಿಗೆ ಟಿಕೆಟ್ ಬೇಕಿತ್ತು. ನಾಲ್ಕನೇ ದಿನ ಮಾಲೀಕರ ಜೊತೆ ಕಾಫಿ ಕುಡಿದು ಹೊರಟ. ಅವನನ್ನು ಬೈಯಲು ನನಗೇನು ಬಾಯಿದೆ? ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕೂತು, ಜ್ವರದಲ್ಲಿದ್ದ ನಿನಗೆ, "ನೀನೇ ಕಟ್ಕೊಂಡಿದ್ದಲ್ಲೋ ಬಸಪ್ಪ, ನೆನಪಿಲ್ವಾ?" ಅಂದವನು ನಾನು. ಒಂದು ಸಲವಲ್ಲ. ವಿಚಾರಣೆಯಲ್ಲೂ ಅದನ್ನೇ ಹೇಳಿದೆ. ತಪ್ಪು ನಿನ್ನದೆಂದು ನಿನ್ನನ್ನು ಕೆಲಸದಿಂದ ತೆಗೆದರು. ನನ್ನ ಕೆಲಸ ಉಳಿಯಿತು.

ನೀನು ಬಾಯಿಮುಚ್ಚಿಕೊಂಡಿದ್ದು ಹೆದರಿಕೆಯಿಂದ ಅಂದುಕೊಂಡಿದ್ದೆ. ಹೋದ ತಿಂಗಳು ಬಾಗಲಗುಂಟೆಯ ನಿಮ್ಮ ಮನೆಗೆ ಬಂದಾಗ ಗೊತ್ತಾಯಿತು. ಗೌರಿ ಡಿಪ್ಲೊಮಾ ಮುಗಿಸಿ ಬೊಮ್ಮಸಂದ್ರದಲ್ಲಿ ಕೆಲಸಕ್ಕೆ ಸೇರುವವಳಿದ್ದಳು. ನೀನು ಆ ಕೈ ತೋರಿಸಿ ಅವಳಿಗೆ ಹೇಳಿದೆ — "ನಿನ್ನ ಮ್ಯಾಲ ಆಣಿ ಮಾಡಿ ನಾನಾ ಮುರದೆ ನೋಡವ್ವ. ಆಸೆ ಕೆಟ್ಟದ್ದು."

"ಎಷ್ಟ್ ಸಲ ಹೇಳ್ತೀಯಪ್ಪ ಅದನ್ನ," ಎಂದು ಅವಳು ಎದ್ದು ಒಳಗೆ ಹೋದಳು.

ನೀನು ನಟಿಸುತ್ತಿರಲಿಲ್ಲ. ನನ್ನ ಸುಳ್ಳನ್ನು ನಂಬಿಬಿಟ್ಟಿದ್ದೀಯ. ಯಾವಾಗ ನಂಬಿದೆ — ಆಸ್ಪತ್ರೆಯಲ್ಲೋ, ಆಮೇಲೆ ಕೆಲಸವಿಲ್ಲದ ದಿನಗಳಲ್ಲೋ? ಕಟ್ಟಿದ ನೆನಪು ನಿನಗೆ ಎಲ್ಲಿಂದ ಬಂತು? ನಿಜಕ್ಕೂ ತಿಳಿಯಬೇಕೆನಿಸುತ್ತದೆ. ಕೇಳುವ ಯೋಗ್ಯತೆ ಮಾತ್ರ ಇಲ್ಲ. ಅವತ್ತೂ ನಾನು ಟೀ ಕುಡಿದು, ಚೆನ್ನಾಗಿದೆ ಅಂದು, ಎದ್ದು ಬಂದೆ. ನಾಚಿಕೆಯಾಗುತ್ತದೆ ಬಸಪ್ಪ.

ಕಣ್ಣು ಮಂಜಾಗಿದೆ, ಬಂದ ಕಾಗದವನ್ನೆಲ್ಲ ಮಗಳೇ ಓದಿ ಹೇಳುತ್ತಾಳೆ ಅಂತ ಅವತ್ತು ನೀನು ಅಂದಿದ್ದೆ. ಇದನ್ನು ಮೊದಲು ಓದುವವಳು ಅವಳೇ ಎಂದು ಗೊತ್ತಿದ್ದೇ ಅಂಚೆಗೆ ಹಾಕುತ್ತಿದ್ದೇನೆ.

ಗೌರಿ, ಇದನ್ನು ನಿಮ್ಮಪ್ಪನಿಗೆ ಗಟ್ಟಿಯಾಗಿ ಓದಿ ಹೇಳಮ್ಮ. ಅವರು ನಂಬದಿದ್ದರೆ ಇನ್ನೊಂದು ಸಲ ಓದು.