ದಾಸವಾಳದ ಐದು ಎಸಳು

ಬಟ್ಟೆಯ ಅಂಚು ನಯವಾಗಿದೆಯೋ ಇಲ್ಲವೋ ಎಂದು ಅವರು ಕೆಳತುಟಿಯಿಂದ ನೋಡುತ್ತಿದ್ದರು. ಕನ್ನಡಕವನ್ನು ಹಣೆಗೆ ಏರಿಸಿ, ಕಣ್ಣು ಮುಚ್ಚಿ, ನಾವು ಹೊಲಿದ ಎಲೆಯನ್ನೋ ಹೂವನ್ನೋ ತುಟಿಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಸೂಜಿ ಚುಚ್ಚಿಸಿಕೊಂಡು ಜಡ್ಡುಗಟ್ಟಿದ ಬೆರಳು ಸುಳ್ಳು ಹೇಳುತ್ತದೆ, ತುಟಿ ಹೇಳುವುದಿಲ್ಲ ಎಂಬುದು ಅವರ ವಾದ. ಎಲ್ಲಾದರೂ ಮೂಲೆ ತಾಗಿದರೆ ಬಟ್ಟೆ ಅಲ್ಲೇ ನಿಲ್ಲುತ್ತಿತ್ತು. ತುಟಿ ಸುಡಬಾರದೆಂದು ಚಹಾವನ್ನು ಪೂರ್ತಿ ತಣಿಸಿಯೇ ಕುಡಿಯುತ್ತಿದ್ದರು. ಆ ತುಟಿಯ ಎಡಬದಿಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಎಡ ಎಂದು ಬರೆದೆ, ಬಲವೂ ಇರಬಹುದು. ಒಂಬತ್ತು ವರ್ಷ ಎದುರಿಗೆ ಕೂತು ನೋಡಿದ ಮುಖದ ಬಗ್ಗೆಯೇ ಹೀಗಾದರೆ, ಉಳಿದದ್ದನ್ನು ಎಷ್ಟು ನಂಬಬೇಕೆಂದು ನನಗೂ ಗೊತ್ತಿಲ್ಲ.

ನಾವು ಅವರನ್ನು ಟೀಚರ್ ಎನ್ನುತ್ತಿದ್ದೆವು. ಸಿದ್ಧಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬಂದು, ಮೆಲ್ಕಾರಿನ ಒಂದು ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅಪ್ಲಿಕ್ ಕಲಿಸುತ್ತಿದ್ದರು. ಬಟ್ಟೆಯಲ್ಲಿ ಹೂವು, ಎಲೆ, ಬಳ್ಳಿಗಳನ್ನು ಕತ್ತರಿಸಿ, ಇನ್ನೊಂದು ಬಟ್ಟೆಯ ಮೇಲಿಟ್ಟು, ಅಂಚನ್ನು ಸೂಜಿಯ ಮೊನೆಯಿಂದಲೇ ಒಳಗೆ ತಿರುಗಿಸುತ್ತಾ ಹೊಲಿಯುವ ಕೆಲಸ. ಇಸ್ತ್ರಿ ಹಾಕಿ ಮೊದಲೇ ಮಡಚಿಟ್ಟುಕೊಳ್ಳುವುದನ್ನು ಅವರು ಕಳ್ಳತನ ಎನ್ನುತ್ತಿದ್ದರು.

ನೇರ ಅಂಚನ್ನು ಯಾರೂ ಹೊಲಿಯಬಹುದು. ಕಷ್ಟ ಇರುವುದು ಬಾಗಿನಲ್ಲಿ. ಒಂದು ಹೊಲಿಗೆಗೆ ಎಷ್ಟು ಬೇಕೋ ಅಷ್ಟೇ ಬಟ್ಟೆ ಒಳಗೆ ಹೋಗಬೇಕು. ಆಸೆಪಟ್ಟು ಮುಂದಿನದನ್ನೂ ಮಡಚಿದರೆ ಒಳಗೆ ನೆರಿಗೆ ಬಿದ್ದು ಹೊರಗೆ ಮೂಲೆ ಏಳುತ್ತದೆ.

"ನಮ್ಮ ಮೂಡುಬಿದಿರೆ ಬಸ್ಸಿನ ಡ್ರೈವರನ್ನು ನೋಡಿದ್ದೀಯಾ?" ಎಂದು ಟೀಚರ್ ಕೇಳುತ್ತಿದ್ದರು. "ತಿರುವಿನಲ್ಲಿ ಸ್ಟೇರಿಂಗ್ ಒಂದೇ ಸಲ ಎಳೀತಾನಾ? ಎಳೆದರೆ ನಾವೆಲ್ಲ ತೋಡಿನಲ್ಲಿ. ಚೂರು, ಚೂರು, ಚೂರು. ನೀನು ನಮ್ಮನ್ನೆಲ್ಲ ತೋಡಿಗೆ ಹಾಕಿದ್ದಿ ಮಾರಾಯ್ತಿ."

ಮನೆಮಾತು ಎಲ್ಲರದ್ದೂ ತುಳುವೇ. ಆದರೆ ಟೀಚರ್ ಬೈಯುವುದು ಕನ್ನಡದಲ್ಲಿ. ತುಳುವಿನಲ್ಲಿ ಬೈದರೆ ಚಿಕ್ಕಮ್ಮ ಬೈದ ಹಾಗೆ, ತಿರುಗಿ ಏನಾದರೂ ಹೇಳಬಹುದು. ಕನ್ನಡದಲ್ಲಿ ಬೈದರೆ ಶಾಲೆ ಬೈದ ಹಾಗೆ. ಮದುವೆ ನಿಶ್ಚಯವಾಗಿದ್ದ ಒಬ್ಬಳ ಎಲೆಯನ್ನು ಎತ್ತಿ ಹಿಡಿದು, "ನಿನ್ನ ದೋಸೆಯಾದರೂ ಉರುಟು ಬರ್ತದಾ? ಇಲ್ಲದಿದ್ದರೆ ಹುಡುಗನಿಗೆ ಈಗಲೇ ಹೇಳಿ ಬಿಡುವ," ಎಂದರು. ಅವಳು ಅಳುವವರೆಗೂ ನಾವೆಲ್ಲ ನಕ್ಕೆವು. ಅತ್ತ ಮೇಲೂ ಸ್ವಲ್ಪ ನಕ್ಕಿರಬೇಕು.

ನಾನು ಮತ್ತು ಅಕ್ಕ ಫರಂಗಿಪೇಟೆ ಕಡೆಯಿಂದ ಬರುತ್ತಿದ್ದೆವು. ನಮ್ಮದು ಬೀಡಿ ಕಟ್ಟುವ ಮನೆ. ಎಲೆ, ಹೊಗೆಸೊಪ್ಪು ತುಂಬಿದ ಮೊರವನ್ನು, ನಮ್ಮ ತಡ್ಪೆಯನ್ನು, ಮಡಿಲಲ್ಲಿಟ್ಟುಕೊಂಡೇ ಅಮ್ಮನ ಬೆನ್ನು ಬಾಗಿತ್ತು. ಟೀಚರ್ ಒಬ್ಬಳನ್ನು ಖಾಯಂ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ಗೊತ್ತಾದಾಗ ಅಮ್ಮ ಹೇಳಿದ್ದು ಇಷ್ಟು: "ಚೌತಿಯವರೆಗೆ ಇಬ್ಬರೂ ಹೋಗಿ. ಅವರು ಯಾರನ್ನು ಇಟ್ಟುಕೊಳ್ತಾರೋ ಅವಳು ಅಲ್ಲಿ. ಇನ್ನೊಬ್ಬಳು ವಾಪಸ್ ತಡ್ಪೆಗೆ."

ಅಕ್ಕನಷ್ಟು ವೇಗವಾಗಿ ಬೀಡಿ ಕಟ್ಟುವವರು ನಮ್ಮ ಸುತ್ತ ಇರಲಿಲ್ಲ. ನಾನು ಶಾಲೆಗೆ ಹೋದದ್ದೇ ಆ ವೇಗ ತಂದ ದುಡ್ಡಿನಿಂದ. ನಾನು ಸೋಮಾರಿ, ಎಲೆ ಹರಿಯುತ್ತದೆಂದು ನೆವ ಹೇಳಿ ಏಳುತ್ತಿದ್ದೆ. ಆ ಸೋಮಾರಿತನ ಮೆಲ್ಕಾರಿನಲ್ಲಿ ನನಗೆ ಒದಗಿತು. ಬೀಡಿಯ ತಲೆಯನ್ನು ಮೂರು ಮಡಿಕೆಯಲ್ಲಿ ಒತ್ತಿ ಮುಚ್ಚುತ್ತಾರೆ. ಅಕ್ಕನ ಬೆರಳಿಗೆ ಅದು ಉಸಿರಾಟದ ಹಾಗೆ. ಬಾಗು ಬಂದ ಕೂಡಲೇ ಅವಳ ಕೈ ತಾನಾಗಿ ಬಟ್ಟೆಯನ್ನೂ ಟಕಟಕ ಎಂದು ಮೂರು ಮಡಿಕೆ ಮಾಡುತ್ತಿತ್ತು. ನನ್ನ ಕೈಗೆ ಮರೆಯಬೇಕಾದದ್ದು ಏನೂ ಇರಲಿಲ್ಲ.

"ಇದು ಬೀಡಿ ಕಟ್ಟಿದ ಕೈ," ಎಂದು ಟೀಚರ್ ಮೊದಲ ವಾರವೇ ಕಂಡುಹಿಡಿದರು. "ಸೂಜಿಗೆ ಹೊಗೆಸೊಪ್ಪಿನ ವಾಸನೆ ಉಂಟು." ಅಕ್ಕ ಅಂದಿನಿಂದ ಬಸ್ಸು ಹತ್ತುವ ಮೊದಲು ಎರಡೆರಡು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದಳು.

ಚೌತಿಗೆ ನಾಲ್ಕು ದಿನ ಇರುವಾಗ ಅಕ್ಕ ಒಂದು ದಿಂಬಿನ ಹೊದಿಕೆ ಮುಗಿಸಿದಳು. ಬಿಳಿ ಬಟ್ಟೆಯ ಮೇಲೆ ಐದು ಎಸಳಿನ ಕೆಂಪು ದಾಸವಾಳ. ಎಂಟು ದಿನದ ಕೆಲಸ. ಟೀಚರ್ ಕಣ್ಣು ಮುಚ್ಚಿ ತುಟಿಯಲ್ಲಿ ನೋಡಿದರು. ಒಂದೊಂದು ಎಸಳಿಗೂ ನಿಂತರು. "ಬೀಡಿ. ಬೀಡಿ. ಬೀಡಿ. ಬೀಡಿ. ಬೀಡಿ." ಐದು ಸಲ. ಆಮೇಲೆ ಬಟ್ಟೆಯನ್ನು ಅಕ್ಕನ ಕೈಗೆ ಕೊಡಲಿಲ್ಲ, ನನ್ನ ಕಡೆ ಚಾಚಿದರು.

"ನೀನು ಬಿಚ್ಚು."

ನಾನು ಬಿಚ್ಚಿದೆ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಸಣ್ಣ ಕತ್ತರಿಯ ಮೊನೆಯನ್ನು ಹೊಲಿಗೆಯ ಅಡಿಗೆ ತೂರಿಸಿ, ಬಟ್ಟೆಗೆ ಒಂದು ಗೀರೂ ಬೀಳದ ಹಾಗೆ ಐದೂ ಎಸಳು ಎಬ್ಬಿಸಿದೆ. ಟೀಚರ್ ತುಟಿಯಲ್ಲಿ ನೋಡಿ ಹೇಳಿದರು: "ಬಿಚ್ಚಿದ್ದು ಚಂದ ಉಂಟು." ಅವರಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಫರಂಗಿಪೇಟೆಯಲ್ಲಿ ಬಸ್ಸು ಇಳಿಯುವಾಗ ಅಕ್ಕ, "ನಾಳೆಯಿಂದ ನಿನ್ನ ಬುತ್ತಿ ನೀನೇ ಕಟ್ಟಿಕೊಳ್ಳಬೇಕು," ಎಂದಳು. ಮರುದಿನ ಬೆಳಿಗ್ಗೆ ತಡ್ಪೆಯ ಮುಂದೆ ಕೂತಿದ್ದಳು.

ನಾನು ಟೀಚರ್ ಬಳಿ ಉಳಿದೆ. ಬಾಗುಗಳು ನನಗೆ ಒಲಿದವು. ಅವರ ಬೈಗುಳ ಕಡಿಮೆಯಾಗಲಿಲ್ಲ, ಹೊಸಬರ ಕಡೆ ತಿರುಗಿತು, ಅಷ್ಟೆ. ಹೊಸ ಹುಡುಗಿಯರು ಬಂದಾಗೆಲ್ಲ ನಾನು ಅಕ್ಕನ ದಾಸವಾಳದ ಕಥೆ ಹೇಳುತ್ತಿದ್ದೆ, ಟೀಚರ್ ಎದುರಿಗೇ, ಐದು 'ಬೀಡಿ'ಯನ್ನೂ ಅವರ ಸ್ವರದಲ್ಲೇ ಅನುಕರಿಸಿ. ಹುಡುಗಿಯರು ಹೆದರುತ್ತಿದ್ದರು. ಟೀಚರ್ ತಣ್ಣಗಿನ ಚಹಾ ಕುಡಿಯುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದರು.

ಕೊನೆಗೆ ಅವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಹೇಗೋ ಸರಿಯಾಯಿತು, ಬಾಯಿಯ ಒಂದು ಬದಿ ಜೋತೇ ಉಳಿಯಿತು. ತುಟಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಮೂರು ತಿಂಗಳ ನಂತರ ಮಗನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾನು ಮುಗಿಸಿದ್ದ ಮಾವಿನೆಲೆಯ ಬಳ್ಳಿಯನ್ನು ಎತ್ತಿ ಬಾಯಿಗೆ ತಂದು ಎಳೆದರು. ಮತ್ತೆ ಎಳೆದರು. ಹಸಿರು ಬಟ್ಟೆಯ ಮೇಲೆ ಜೊಲ್ಲಿನ ಗೆರೆ ಬಿತ್ತು.

"ಟೀಚರ್, ಬಟ್ಟೆ ಒದ್ದೆ ಆಗ್ತದೆ," ಎಂದೆ. ಹುಡುಗಿಯರ ಎದುರಿಗೆ. ಕನ್ನಡದಲ್ಲಿ.

ಅವರು ಬಟ್ಟೆ ಕೆಳಗಿಟ್ಟರು. ಮತ್ತೆ ಮೇಲೆ ಬರಲಿಲ್ಲ. ಈ ಒಂದು ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

ಕಳೆದ ಮಳೆಗಾಲ ಮುಗಿಯುವಾಗ ಅವರು ತೀರಿಕೊಂಡರು. ಸಿದ್ಧಕಟ್ಟೆಯ ಮನೆಯ ಚಾವಡಿಯಲ್ಲಿ ಮಲಗಿಸಿದ್ದರು. ಅಕ್ಕ ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಅವಳದ್ದು ಈಗ ಬೆಳ್ತಂಗಡಿಯಲ್ಲಿ ಗಂಡನ ಮನೆ, ಅಲ್ಲಿಯೂ ಬೀಡಿಯೇ. ಎರಡು ಬಸ್ಸು ಬದಲಿಸಿ ಬಂದಿದ್ದಳು. ನಮಸ್ಕಾರ ಮಾಡಿ ಬಂದು ಅಂಗಳದ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಆ ಕಡೆ ಈಗ ನನ್ನ ಬಳಿ ಹೊಲಿಗೆ ಕಲಿಯುವ ಇಬ್ಬರು ಹುಡುಗಿಯರಿದ್ದರು. ಸಾವಿನ ಮನೆಯಲ್ಲಿ ಸತ್ತವರ ಗುಣ ಹೇಳಬೇಕಲ್ಲ, ಟೀಚರ್ ಎಷ್ಟು ಕಟ್ಟುನಿಟ್ಟು ಎನ್ನಲು ನಾನು ಮತ್ತೆ ದಾಸವಾಳದ ಕಥೆ ತೆಗೆದೆ. ಅಕ್ಕ ಇದ್ದಾಳೆಂಬ ಸಂಕೋಚವೂ ಆಗಲಿಲ್ಲ. ಕಥೆ ಅಷ್ಟು ನನ್ನದಾಗಿತ್ತು.

ಹುಡುಗಿಯರು ಎದ್ದು ಹೋದ ಮೇಲೆ ಅಕ್ಕ ಹೇಳಿದಳು: "ಐದು ಸಲ ಅಲ್ಲ."

"ಎಂತದು?"

"ಬೀಡಿ ಅಂತ ಹೇಳಿದ್ದು ಎರಡು ಎಸಳಿಗೆ. ಉಳಿದ ಮೂರು ಸರಿ ಉಂಟು, ಎರಡು ಬಿಚ್ಚಿ ಕೊಡು, ನಾಳೆ ಅವಳೇ ಪುನಃ ಹಾಕ್ತಾಳೆ ಅಂದರು. ಆಮೇಲೆ ಅಂಗಡಿಯವರು ಕರೆದರು ಅಂತ ಕೆಳಗೆ ಹೋದರು. ವಾಪಸ್ ಬರುವಾಗ ಐದೂ ಬಿಚ್ಚಿ ಆಗಿತ್ತು."

ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಮರೆತ ದಾರಿಯನ್ನು ತೋರಿಸಿಕೊಡುವವರ ಹಾಗೆ ಹೇಳಿದಳು. ಸುಳ್ಳು ಎನ್ನಬೇಕೆಂದಿದ್ದೆ, ಆಗಲಿಲ್ಲ. ನಿಜ ಎನ್ನಲೂ ನನ್ನ ನೆನಪಿನಲ್ಲಿ ಆಧಾರವಿಲ್ಲ. ಟೀಚರ್ ಮೆಟ್ಟಿಲಿಳಿದ ಸದ್ದು ಅಲ್ಲೆಲ್ಲೂ ಇಲ್ಲ. ಆದರೆ ಒಂದು ಗೊತ್ತು. ಒಂಬತ್ತು ವರ್ಷ ಆ ಕಥೆಯನ್ನು ನಾನು ಅವರ ಎದುರಿಗೇ ಹೇಳಿದೆ. ಒಂದು ಹೊಲಿಗೆ ಸರಿದರೂ ತಿದ್ದುವ ಹೆಂಗಸು ಅದನ್ನು ಒಮ್ಮೆಯೂ ತಿದ್ದಲಿಲ್ಲ. ನಾನು ಎಂಥವಳೆಂದು ನೋಡಿ, ನೋಡಿಯೇ ನನ್ನನ್ನು ಇಟ್ಟುಕೊಂಡು, ನನ್ನ ಕ್ರೌರ್ಯವನ್ನು ತಮ್ಮ ಹೆಸರಿನಲ್ಲಿ ಓಡಾಡಲು ಬಿಟ್ಟರು. ಅದು ಕರುಣೆಯೋ, ಒಳ್ಳೆಯ ಕೈ ತಪ್ಪಿಹೋಗಬಾರದೆಂಬ ಲೆಕ್ಕಾಚಾರವೋ, ಚಾವಡಿಯಲ್ಲಿ ಮಲಗಿದವರನ್ನು ಕೇಳುವ ಹಾಗಿರಲಿಲ್ಲ.

"ನೀನಾದರೂ ಆವತ್ತು ಹೇಳಬಹುದಿತ್ತಲ್ಲ ಅಕ್ಕ?" ಎಂದೆ.

"ಹೇಳಿದ್ದೆ," ಎಂದಳು ಅಕ್ಕ. "ಮೂರನೆಯದಕ್ಕೆ ನೀನು ಕತ್ತರಿ ಹಾಕುವಾಗ ಕೈ ಹಿಡಿದೇ ಹೇಳಿದ್ದೆ. ನೀನು ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಿ, ಬಿಚ್ಚಿದ್ದಿ."