ಆಕೊಸಿತ ಆರಿಸಿದ ಕೈಗಡಿಯಾರ

ಆಕೊಸಿತಳ ಮಣಿಕಟ್ಟು ಯಾವತ್ತೂ ಬರಿದೇ. ಆಕ್ಲೆಂಡಿನ ಮಾಂಗೆರೆಯ ವಿಮಾನ ನಿಲ್ದಾಣದ ಪಕ್ಕದಲ್ಲಿ, ಆಕಾಶದಲ್ಲಿ ಹೋಗುವವರಿಗೆ ಊಟ ಕಟ್ಟಿಕೊಡುವ ದೊಡ್ಡ ಅಡುಗೆಮನೆಯಿದೆಯಲ್ಲ, ಅಲ್ಲಿ ತಟ್ಟೆ ಜೋಡಿಸುವ ಕೆಲಸ ಅವಳದು. ಒಳಗೆ ಕಾಲಿಡುವ ಮೊದಲು ಉಂಗುರ, ಬಳೆ, ವಾಚು ಎಲ್ಲ ಬಿಚ್ಚಿಡಬೇಕು, ಮೊಣಕೈವರೆಗೂ ಸೋಪು ಹಚ್ಚಿ ತೊಳೆಯಬೇಕು. ಬಿಚ್ಚಿಡುವುದಕ್ಕೆ ಏನೂ ಇಲ್ಲದ ಆಕೊಸಿತ ಎಲ್ಲರಿಗಿಂತ ಮೊದಲು ಒಳಗಿರುತ್ತಿದ್ದಳು. ಟೋಂಗಾ ದ್ವೀಪಗಳಿಂದ ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಸೇರಿದ ಕೆಲಸ, ಕೂದಲು ನರೆತರೂ ಅದೇ. ಗಾಜಿನಾಚೆ ಓಡಾಡುವ ಮೇಲಧಿಕಾರಿಗಳನ್ನು ನೋಡಿ ನೋಡಿ ಅವಳ ತಲೆಯಲ್ಲಿ ಒಂದು ಮಾತು ಬೇರು ಬಿಟ್ಟಿತ್ತು: ಲೋಕದಲ್ಲಿರುವುದು ಎರಡೇ ಜಾತಿ. ವಾಚು ಕಟ್ಟಿಕೊಂಡು ಕೆಲಸ ಮಾಡುವವರು, ವಾಚು ಬಿಚ್ಚಿಟ್ಟು ಕೆಲಸ ಮಾಡುವವರು.

ಹೀಗಿರುವಾಗ ಒಬ್ಬಳೇ ಮಗಳು ಲೂಪೆ ಕಾನೂನು ಓದಿ ಮುಗಿಸಿದಳು. ಪದವಿ ಸಮಾರಂಭ ಹತ್ತಿರ ಬಂತು. ತಾಯಿ ಏನು ಕೊಡಬೇಕು ಅಂತ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಒಳ್ಳೆಯ ಸ್ವಿಸ್ ಗಡಿಯಾರ. ನ್ಯಾಯಾಲಯದಲ್ಲಿ ಮಗಳು ಕೈ ಎತ್ತಿದರೆ ನ್ಯಾಯಾಧೀಶರೂ ಒಂದು ಗಳಿಗೆ ಅತ್ತ ನೋಡಬೇಕು, ಅಂಥದ್ದು. ಅದಕ್ಕೆಂದೇ ಎಷ್ಟೋ ಕಾಲದಿಂದ ಎತ್ತಿಡುತ್ತ ಬಂದಿದ್ದಳು.

ಯೋಚನೆಯಿದ್ದದ್ದು ಬೇರೆ ಕಡೆ. ನ್ಯಾಯಾಧೀಶರ ಕಣ್ಣಿಗೆ ಬೀಳಬೇಕು, ಸರಿ. ಆದರೆ ಪೆಲೆನೈಸೆಯ ಕಣ್ಣಿಗೆ ಬೀಳಬಾರದು.

ಪೆಲೆನೈಸೆ ಎಂದರೆ ಆಕೊಸಿತಳ ಗಂಡ ಸೆಮಿಸಿಯ ಹಿರಿಯಕ್ಕ, ಲೂಪೆಗೆ ಸೋದರತ್ತೆ. ಟೋಂಗಾದವರಲ್ಲಿ ಹಿರಿಯ ಸೋದರತ್ತೆಯನ್ನು ಫಾಹು ಅನ್ನುತ್ತಾರೆ. ತಮ್ಮನ ಮಕ್ಕಳ ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಸಾವಿರಲಿ, ಎಲ್ಲರಿಗಿಂತ ಎತ್ತರದಲ್ಲಿ ಅವಳ ಆಸನ. ಬಂದ ಉಡುಗೊರೆಯಲ್ಲಿ ಒಳ್ಳೆಯದೆಲ್ಲ ಅವಳ ಪಾಲು. ಅವಳು ಬೇಡುವುದೂ ಇಲ್ಲ, ಕಸಿಯುವುದೂ ಇಲ್ಲ. ಎಲ್ಲರೂ ತಾವಾಗಿ ತಂದು ಮುಂದಿಡುತ್ತಾರೆ. ಲೂಪೆಯ ಮೊದಲ ಹುಟ್ಟುಹಬ್ಬಕ್ಕೆ ಆಕೊಸಿತಳ ತಾಯಿ ತಿಂಗಳುಗಟ್ಟಲೆ ಮರದ ತೊಗಟೆ ಬಡಿದು, ಬಣ್ಣ ಬರೆದು, ಒಂದು ದೊಡ್ಡ ತೊಗಟೆಬಟ್ಟೆ ಕಳಿಸಿದ್ದಳು. ಅದನ್ನು ಬಿಡಿಸಿ ನೋಡಿದ್ದಷ್ಟೇ ಆಕೊಸಿತಳ ಭಾಗ್ಯ. ಸಂಜೆ ಅದು ಪೆಲೆನೈಸೆಯ ಕಾರಿನ ಮೇಲೆ ಹೋಯಿತು. ಆಮೇಲೆ ಹೋದದ್ದಕ್ಕೆ ಲೆಕ್ಕವಿಲ್ಲ.

ಪೆಲೆನೈಸೆ ಕೆಟ್ಟವಳೆಂದು ಹೇಳುವಂತಿಲ್ಲ. ಅದೇ ಕಷ್ಟ. ಆಕೊಸಿತ ಜ್ವರದಲ್ಲಿ ಮಲಗಿದಾಗ ಮೀನಿನ ಸಾರು ಮಾಡಿ ತಂದವಳು ಅವಳೇ, ಲೂಪೆಯ ಪರೀಕ್ಷೆಗೆಲ್ಲ ಉಪವಾಸವಿದ್ದು ಪ್ರಾರ್ಥಿಸಿದವಳೂ ಅವಳೇ. ಕೆಟ್ಟವಳಾಗಿದ್ದರೆ ನಾಲ್ಕು ಬೈದು ಹೊಟ್ಟೆಯನ್ನಾದರೂ ತಣ್ಣಗೆ ಮಾಡಿಕೊಳ್ಳಬಹುದಿತ್ತು.

ಚರ್ಚಿಗೆ ಉಡುವ ಕಪ್ಪು ಉಡುಪು ತೊಟ್ಟು, ಮೇಲೆ ಹೆಣೆದ ನಾರಿನ ಸೊಂಟಪಟ್ಟಿ ಕಟ್ಟಿ, ಆಕೊಸಿತ ಒಬ್ಬಳೇ ಪೇಟೆಯ ಆ ದೊಡ್ಡ ಅಂಗಡಿಗೆ ಹೋದಳು. ಒಳಗೆ ಸದ್ದೇ ಇರಲಿಲ್ಲ. ಬಿಳಿ ಕೈಗವಸು ತೊಟ್ಟ ಒಬ್ಬ ಯುವಕ ಎದ್ದು ಬಂದು ಕೂರಿಸಿದ.

"ಯಾರಿಗಮ್ಮ?"

"ಮಗಳಿಗೆ. ವಕೀಲೆ ಆದ್ಲು."

ಅವನು ಮಖಮಲ್ಲಿನ ತಟ್ಟೆಯ ಮೇಲೆ ಚಿನ್ನದ್ದೊಂದು ಇಟ್ಟ. ಸುತ್ತ ಸಣ್ಣ ಸಣ್ಣ ವಜ್ರ. "ಇದನ್ನ ಕಟ್ಕೊಂಡು ಒಳಗೆ ಬಂದ್ರೆ ಸಾಕು, ಎಲ್ಲರ ಕಣ್ಣೂ ಇದರ ಮೇಲೇ."

ಆಕೊಸಿತ ಕೆಂಡ ಕಂಡವಳ ಹಾಗೆ ಹಿಂದೆ ಸರಿದಳು. "ಬೇಡಪ್ಪಾ, ಒಳಗಿಡು. ಇದು ಒಂದು ದಿನಾನೂ ಉಳಿಯಲ್ಲ."

"ಕಳ್ಳರ ಭಯಾನಾ? ವಿಮೆ ಮಾಡಿಸ್ಕೊಡ್ತೀವಿ."

"ಕಳ್ಳರಾಗಿದ್ರೆ ಪೊಲೀಸ್ನೋರಿಗೆ ಹೇಳ್ತಿದ್ದೆ. ನಮ್ಮ ಅತ್ತಿಗೆ ಅವರು."

ಯುವಕ ನಗಬೇಕೋ ಬೇಡವೋ ತಿಳಿಯದೆ ಇನ್ನೊಂದು ತೆಗೆದ. ಅದರ ಮುಖ ಕಡುನೀಲಿ. ಹೊತ್ತು ಮುಳುಗುವಾಗ ಎರಡು ದ್ವೀಪಗಳ ನಡುವೆ ನೀರು ಕಪ್ಪಿಗೆ ತಿರುಗುವ ಮೊದಲು ಒಂದು ಬಣ್ಣ ಬರುತ್ತದಲ್ಲ, ಅದೇ. ಅವನು ಅವಳ ಕೈಗೇ ಕಟ್ಟಿ ತೋರಿಸಿದ. ಸೋಪು ತಿಂದು ಒರಟಾದ ಮಣಿಕಟ್ಟಿನ ಮೇಲೆ ಆ ನೀಲಿ ಕೂತದ್ದನ್ನು ನೋಡುತ್ತ ಆಕೊಸಿತ ಕೈಯನ್ನು ಬೆಳಕಿಗೆ ತಿರುಗಿಸಿದಳು. ಲೂಪೆಯ ಕೈಗೆ ಇದೇ ಸರಿ. ಇದಕ್ಕಾಗಿಯೇ ಹುಟ್ಟಿದ ಕೈ ಅದು. ಅಷ್ಟರಲ್ಲಿ ಪೆಲೆನೈಸೆ ಚರ್ಚಿನ ಹಾಡುಗುಂಪಿನಲ್ಲಿ ತೊಡುವ ಉದ್ದ ನಿಲುವಂಗಿ ಕಣ್ಣ ಮುಂದೆ ಬಂತು. ಅದೂ ಕಡುನೀಲಿ. ಆಕೊಸಿತ ಕೈ ಚಾಚಿದಳು, ಬಿಚ್ಚು ಅಂತ.

ಮೂರನೆಯದು ಉಕ್ಕಿನದು. ಬಿಳಿ ಮುಖ, ಕಪ್ಪು ಮುಳ್ಳು, ಮಿನುಗು ಎಂಬುದೇ ಇಲ್ಲ.

"ಇದು ತಿಳಿದೋರಿಗೆ ಮಾತ್ರ ಗೊತ್ತಾಗುತ್ತೆ ಅಮ್ಮ. ತಿಳೀದೋರು ನೋಡಿದ್ರೆ ಆಸ್ಪತ್ರೆ ದಾದಿ ವಾಚು ಅಂದ್ಕೋತಾರೆ."

"ನ್ಯಾಯಾಧೀಶರಿಗೆ ಗೊತ್ತಾಗುತ್ತಾ?"

"ಖಂಡಿತ."

"ನಮ್ಮ ಚರ್ಚಿನ ಹೆಂಗಸರಿಗೆ?"

ಅವನು ತಲೆ ಕೆರೆದುಕೊಂಡ. "ಅನುಮಾನ."

"ಹಾಗಾದ್ರೆ ಇದನ್ನೇ ಕಟ್ಟು."

ಅಷ್ಟಕ್ಕೇ ಬಿಡಲಿಲ್ಲ. ಹಿಂಬದಿಯ ಮೇಲೆ ಮಗಳ ಪೂರ್ತಿ ಹೆಸರನ್ನು ಕೊರೆಸಿದಳು. ಹೆಸರಿರುವ ವಸ್ತುವನ್ನು ಯಾರು ತಾನೇ ತೆಗೆದುಕೊಂಡು ಹೋಗುತ್ತಾರೆ? ಪೊಟ್ಟಣವನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತಾಗ ಗೆದ್ದೆ ಅನ್ನಿಸಿತು. ಆ ನೀಲಿ ಮಾತ್ರ ಮನೆ ತಲುಪುವವರೆಗೂ ಕಣ್ಣಿಂದ ಹೋಗಲಿಲ್ಲ. ಮಗಳಿಗೆಂದು ಹೋಗಿ ಅತ್ತಿಗೆಯ ಕಣ್ಣಿನಿಂದ ಆರಿಸಿ ತಂದಿದ್ದಳು.

ಸೆಮಿಸಿ ನೋಡಿದವನೇ ಹೇಳಿದ: "ಚೆನ್ನಾಗಿದೆ ಕಣೇ. ಈಗ್ಲೇ ಲೂಪೇನ ಕರೆದು ಮನೇಲೇ ಕೊಟ್ಬಿಡು."

"ಮನೇಲಿ ಯಾಕೆ? ಕದ್ದು ತಂದಿದೀನಾ?"

"ಅಕ್ಕ ಕೂತಿರೋ ಕಡೆ ಬಿಚ್ಚಬಾರದ್ದನ್ನ ಬಿಚ್ಚಬೇಡ ಅಂದೆ, ಅಷ್ಟೇ."

"ಹೆಸರು ಕೊರೆಸಿದೀನಿ ಕಣ್ರೀ. ಸಾಲದ್ದಕ್ಕೆ ದಾದಿ ವಾಚಿನ ಹಾಗಿದೆ. ಯಾರಿಗೆ ಬೇಕು?"

ಸೆಮಿಸಿ ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಮಾತೇ. ಉಳಿಸಿಕೊಳ್ಳಬೇಕಾದ್ದನ್ನು ಮಂಚದ ಕೆಳಗಿಟ್ಟು ಹಬ್ಬಕ್ಕೆ ಹೋಗುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆಕೊಸಿತಳಿಗೂ ಗೊತ್ತಿತ್ತು. ಆದರೆ ಮಗಳ ಒಂದೊಂದು ಹಬ್ಬದಲ್ಲೂ ಅಡುಗೆಮನೆಯ ಬಾಗಿಲಿಂದಲೇ ಇಣುಕಿದವಳು ಅವಳು. ಗಂಡನ ಕಡೆಯವರು ಕೂರುವುದು, ಹೆಂಡತಿಯ ಕಡೆಯವರು ಬೇಯಿಸುವುದು, ಅದು ಹಾಗೇ. ಒಂದೇ ಒಂದು ಸಲ ಜನರ ನಡುವೆ ನಿಂತು, ಇವಳು ನನ್ನ ಮಗಳು, ಇದು ನಾನು ಕೊಟ್ಟದ್ದು ಅನ್ನಿಸಿಕೊಳ್ಳುವ ಆಸೆ ಹತ್ತಿಬಿಟ್ಟಿತ್ತು.

ಲೂಪೆಯ ಪದವಿಯ ಹಬ್ಬದ ದಿನ ಚರ್ಚಿನ ಸಭಾಂಗಣದಲ್ಲಿ ಪೆಲೆನೈಸೆ ಚಾಪೆಗಳ ರಾಶಿಯ ಮೇಲೆ ಕಡುನೀಲಿ ನಿಲುವಂಗಿಯಲ್ಲಿ ಕೂತಿದ್ದಳು. ಸುಟ್ಟ ಹಂದಿಮರಿಗಳು, ಅಂತಸ್ತು ಅಂತಸ್ತಿನ ಕೇಕು, ಹಾಸಿ ಹಾಸಿ ಮುಗಿಯದ ತೊಗಟೆಬಟ್ಟೆ, ಎಲ್ಲ ಅವಳ ಮುಂದೆ ಬಂದು ಕೂತವು. ಆಕೊಸಿತ ಹಿಂದುಗಡೆ ತನ್ನ ತಮ್ಮನ ಹೆಂಡತಿ ವಿಕಾಳ ಜೊತೆ ಕೆಸುವಿನ ಎಲೆಯ ಪೊಟ್ಟಣಗಳನ್ನು ಬಿಚ್ಚಿ ಬಡಿಸುತ್ತಿದ್ದಳು. ಹೊತ್ತು ನೋಡಿ ಕೈ ಒರೆಸಿಕೊಂಡಳು, ಏಪ್ರನ್ ಬಿಚ್ಚಿದಳು, ಸಭೆಯ ನಡುವೆ ನಡೆದಳು. ಮಾತು ನಿಂತಿತು. ಮಗಳ ಕೈ ಹಿಡಿದು ಗಡಿಯಾರ ಕಟ್ಟಿದಳು.

"ಇದು ನಿನ್ನ ತಾಯಿ ಕೊಟ್ಟದ್ದು ಮಗಳೇ," ಎಂದಳು. ಇನ್ನೂ ಏನೇನೋ ಹೇಳಬೇಕೆಂದಿದ್ದಳು, ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟಿದರು. ಓರೆಗಣ್ಣಲ್ಲಿ ನೋಡಿದಳು: ಪೆಲೆನೈಸೆ ಕೇಕಿನ ಕಡೆ ನೋಡುತ್ತಿದ್ದಳು. ದೇವರು ದೊಡ್ಡವನು.

ಆಕೊಸಿತ ಹಿಂದಿರುಗಿ ಅಡುಗೆಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಲೂಪೆ ಮಾತಿಗೆ ನಿಂತಳು. ಈ ಹುಡುಗಿ ಚಿಕ್ಕಂದಿನಲ್ಲಿ ಟೋಂಗಾದ ಮಾತು ಆಡಲು ನಾಚುತ್ತಿದ್ದವಳು, ಇಂಗ್ಲಿಷಿನಲ್ಲೇ ಕನಸು ಕಾಣುತ್ತಿದ್ದವಳು. ಕಾಲೇಜಿಗೆ ಹೋದ ಮೇಲೆ ದ್ವೀಪದ ಮಕ್ಕಳ ಸಂಘ ಸೇರಿ, ಎಲ್ಲ ಹೊಸದಾಗಿ ಕಲಿತಿದ್ದಳು. ಅಜ್ಜಂದಿರು ಆಡುವಂಥ ತುಂಬು ಮಾತಿನಲ್ಲಿ ದೇವರಿಗೆ, ಹಿರಿಯರಿಗೆ ವಂದಿಸಿದಳು. ಮುದುಕರು ತಲೆದೂಗಿದರು. ಆಮೇಲೆ ಮೊಣಕಾಲೂರಿ ಪೆಲೆನೈಸೆಯ ಬಳಿಗೆ ಸರಿದು, ಕೈಯಿಂದ ಗಡಿಯಾರ ಬಿಚ್ಚಿದಳು.

"ಅತ್ತೆ, ಇವತ್ತು ನನಗೆ ಬಂದಿದ್ರಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ಇದು. ಅದಕ್ಕೇ ಇದು ನಿಮ್ಮದು."

ಸಭೆಯಲ್ಲಿ ಹೋ ಎಂಬ ಹರ್ಷ ಎದ್ದಿತು. ಪೆಲೆನೈಸೆ ಲೂಪೆಯ ತಲೆಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಡುಗೆಮನೆಯ ಬಾಗಿಲಲ್ಲಿ ವಿಕಾ ಆಕೊಸಿತಳ ಕೈಗೆ ಏಪ್ರನ್ ಕೊಟ್ಟಳು. ಆಕೊಸಿತ ಕಟ್ಟಿಕೊಂಡಳು.

ವಾಪಸು ಬರುವಾಗ ಕಾರಿನಲ್ಲಿ ಲೂಪೆಯ ಮುಖ ದೀಪ ಹಚ್ಚಿದಂತಿತ್ತು. "ಅಮ್ಮ, ನೋಡಿದ್ಯಾ? ಅತ್ತೆ ಅತ್ತೇಬಿಟ್ರು!"

"ನೋಡ್ದೆ."

"ನೀನು ಅಷ್ಟು ಒಳ್ಳೇದು ತರದೇ ಇದ್ದಿದ್ರೆ ನಾನೇನು ಕೊಡ್ತಿದ್ದೆ ಹೇಳು? ನಿನ್ನಿಂದಾನೇ ನನ್ನ ಮರ್ಯಾದೆ ಉಳೀತು."

ಸೆಮಿಸಿ ಕೆಮ್ಮಿದ.

ನುಂಗಿಕೊಂಡದ್ದು ಎಷ್ಟು ದಿನ ಒಳಗಿರುತ್ತದೆ? ಮುಂದಿನ ವಾರ ವಿಕಾಳ ಮನೆಗೆ ಹೋಗಿ, ಗೆಣಸು ಹೆರೆಯುತ್ತ ಕೂತವಳ ಮುಂದೆ ಎಲ್ಲ ಕಾರಿಕೊಂಡಳು. "ಹೆಸರು ಕೊರೆಸಿದ್ದೆ ಕಣೇ. ಹೆಸರು! ಅದನ್ನ ನೋಡಿಯಾದ್ರೂ 'ಬೇಡಮ್ಮ, ನೀನೇ ಇಟ್ಕೋ' ಅನ್ಬಾರದಾಗಿತ್ತಾ? ಮನುಷ್ಯರಿಗೆ ಕರುಳು ಬೇಡ್ವಾ?"

ವಿಕಾ ಚಾಕು ಕೆಳಗಿಟ್ಟಳು. ಮೆತ್ತಗಿನ ಹೆಂಗಸು, ಅತ್ತಿಗೆಯ ಎದುರು ದನಿ ಎತ್ತಿದವಳಲ್ಲ.

"ಅತ್ತಿಗೆ, ನಮ್ಮ ಹುಡುಗಿ ಮದುವೇಲಿ ನಿಮ್ಮ ಮುಂದೆ ಒಂದು ಕೌದಿ ಇಟ್ಟಿದ್ವಲ್ಲ, ನೆನಪಿದೆಯಾ?"

"ಕೌದೀನಾ? ಎಷ್ಟೋ ಬಂದಿದ್ವು."

"ಕೆಂಪು ಹೂವಿಂದು. ನಮ್ಮಮ್ಮ ಕಣ್ಣು ಹೋಗೋ ಮುಂಚೆ ಹೊಲಿದ ಕೊನೇದು. ಮೂಲೇಲಿ ಹುಡುಗಿ ಹೆಸರು ಹೊಲಿದಿದ್ರು."

ಆಕೊಸಿತಳಿಗೆ ನೆನಪಾಯಿತು. ತಮ್ಮನ ಮಕ್ಕಳಿಗೆ ಅವಳೇ ಫಾಹು. ಅವತ್ತು ಚಾಪೆಗಳ ಮೇಲೆ ಕೂತು ಎಲ್ಲರಿಗೂ ಕೈ ಮುಗಿದಿದ್ದಳು. ಕೌದಿಯ ಕಟ್ಟನ್ನು ಬಿಚ್ಚಿರಲೂ ಇಲ್ಲ. ಅದರ ಮುಂದಿನ ವಾರ ಪಾದ್ರಿಯ ಹೆಂಡತಿಗೆ ಹಾಗೆಯೇ ದಾಟಿಸಿದ್ದಳು.

"ಅದು ಪದ್ಧತಿ ಅಲ್ವೇನೇ," ಎಂದಳು, ದನಿ ತಗ್ಗಿತ್ತು.

"ವಾಚೂ ಪದ್ಧತೀನೇ ಅತ್ತಿಗೆ," ಎಂದು ವಿಕಾ ಮತ್ತೆ ಗೆಣಸು ಎತ್ತಿಕೊಂಡಳು. "ಟೀ ಕುಡೀತೀರಾ?"

ಟೀ ಕುಡಿಯದೆ ಮನೆಗೆ ಬಂದಳು.

ಅದಾಗಿ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಪೆಲೆನೈಸೆಯೇ ಬಂದಳು. ಅಕ್ಕನ ದನಿ ಕೇಳಿದ್ದೇ ಸೆಮಿಸಿ ಹಿತ್ತಲಿಗೆ ನಡೆದ. ಅಕ್ಕ ಇರುವಲ್ಲಿ ತಮ್ಮ ಕಾಲು ಚಾಚಿ ಕೂರುವ ಹಾಗಿಲ್ಲ. ಅವಳು ನೇರ ಅಡುಗೆಮನೆಗೆ ಬಂದು, ಕುರ್ಚಿಯಲ್ಲಿ ಏದುಸಿರು ಬಿಡುತ್ತ ಕೂತು, ಕರವಸ್ತ್ರದ ಗಂಟು ಬಿಚ್ಚಿ ಗಡಿಯಾರವನ್ನು ಮೇಜಿನ ಮೇಲಿಟ್ಟಳು.

"ನನ್ನ ಕಣ್ಣಿಗೆ ಇದರ ಮುಳ್ಳೇ ಕಾಣಲ್ಲ ಕಣೇ. ಕೈಗೂ ಬಿಗಿ. ನೀನೇ ಹೋಗಿ ಆರಿಸಿದ್ದಂತೆ. ಇಟ್ಕೋ. ಹುಡುಗೀಗೆ ಏನಾದ್ರೂ ಹೇಳಿ ಕೊಡು."

ಆಕೊಸಿತಳ ಕೈ ಮೇಜಿನ ಅರ್ಧದವರೆಗೆ ಹೋಯಿತು. ಕಾರಿನಲ್ಲಿ ಕಂಡ ಮಗಳ ಮುಖ ಅಡ್ಡ ಬಂತು. ಕೊಟ್ಟದ್ದು ವಾಪಸು ಬಂತೆಂದರೆ ಆ ಮುಖ ಏನಾದೀತು? ವಿಕಾಳ ಮುಂದೆ ಯಾವ ಬಾಯಲ್ಲಿ ಮಾತಾಡುವುದು? ಅಷ್ಟಾದರೂ ಒಂದು ಆಸೆ ಉಳಿದಿತ್ತು. ಮೊದಲ ಸಲ ಬೇಡ ಅನ್ನಬೇಕು, ಅದು ಮರ್ಯಾದೆ. ಎರಡನೆಯ ಸಲ ಕೇಳಿದರೆ ತೆಗೆದುಕೊಳ್ಳಬಹುದು.

"ಬೇಡ ಅತ್ತಿಗೆ. ಅದು ನಿಮ್ಮದು," ಎಂದಳು.

ಎಂದು ಕಾದಳು. ಒಲೆಯ ಮೇಲೆ ನೀರು ಕುದಿಯಿತು. ಪೆಲೆನೈಸೆ ಗಡಿಯಾರವನ್ನು ನೋಡಿದಳು, ಆಕೊಸಿತಳನ್ನು ನೋಡಿದಳು, ತಲೆದೂಗಿದಳು.

"ನಿನ್ನ ದೊಡ್ಡ ಮನಸ್ಸು. ಹಾಗಾದ್ರೆ ನಮ್ಮ ಹುಡುಗ ಮೆಲ್ಬರ್ನಿಗೆ ಹೊರಟಿದಾನೆ, ಕಟ್ಟಡದ ಕೆಲಸಕ್ಕೆ. ಅವನಿಗೆ ಕೊಟ್ಬಿಡ್ತೀನಿ. ಪಟ್ಟಿಗೆ ಎರಡು ಕೊಂಡಿ ಸೇರಿಸಿದ್ರೆ ಆಯ್ತು."

"ಲೂಪೆ ಹೆಸರು ಕೊರೆದಿದೆ ಅತ್ತಿಗೆ."

"ಹಿಂದ್ಗಡೆ ಯಾರು ನೋಡ್ತಾರೆ ಬಿಡು," ಎಂದು ಪೆಲೆನೈಸೆ ಕರವಸ್ತ್ರಕ್ಕೆ ಗಂಟು ಹಾಕಿದಳು.

ಸಂಜೆ ಲೂಪೆ ಕೆಲಸದಿಂದ ಬಂದಳು. ಮೇಜಿನ ಮೇಲೆ ಎರಡು ಲೋಟ ಕಂಡು ಕಣ್ಣರಳಿಸಿದಳು. "ಅತ್ತೆ ಬಂದಿದ್ರಾ? ವಾಚು ಕಟ್ಕೊಂಡಿದ್ರಾ ಅಮ್ಮ?"

ಆಕೊಸಿತ ಲೋಟಗಳನ್ನು ತೊಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು.

"ಕಟ್ಕೊಂಡಿದ್ರು."

"ಅವರ ಕೈಗೆ ಒಪ್ಪುತ್ತಲ್ವಾ?"

"ಒಪ್ಪುತ್ತೆ ಮಗಳೇ," ಎಂದಳು ತಾಯಿ. "ಅವರಿಗೇ ಅಂತ ಆರಿಸಿದ ಹಾಗಿದೆ."