ಅಕ್ಕೋರ ಕಂಪ್ಯೂಟರ್ ಕೆಟ್ಟಿರಲಿಲ್ಲ

2023ರ ಜೂನ್ ತಿಂಗಳು. ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗ ಐದು ವರ್ಷವಾಗಿತ್ತು. ಅಂಗಡಿ ಎಂದರೆ ಒಂದು ಮೇಜು, ಒಂದು ಸೋಲ್ಡರಿಂಗ್ ಕಡ್ಡಿ, ಬಿಚ್ಚಿಟ್ಟ ಏಳೆಂಟು ಕ್ಯಾಬಿನೆಟ್ಟು. ವಾರದಲ್ಲಿ ಒಂದು ದಿನ ಗಜೇಂದ್ರಗಡ, ಒಂದು ದಿನ ನರಗುಂದ, ಉಳಿದ ದಿನ ರೋಣ ಮತ್ತು ಸುತ್ತಲಿನ ಹಳ್ಳಿಗಳು. ಕರೆದವರ ಮನೆಗೇ ಹೋಗಿ ಕಂಪ್ಯೂಟರ್ ನೋಡಿಕೊಡುವುದು ನನ್ನ ಕಸುಬು.

ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ನಿಂತವನು ನಾನು. ಆ ಚಾಳಿ ಕಸುಬಿಗೂ ಅಂಟಿಕೊಂಡಿತು. ‘ಮದರ್‌ಬೋರ್ಡ್ ಹೋಗೈತಂತ’ ಎಂದು ಯಾರಾದರೂ ಹೇಳಿದರೆ, ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು ಎಂದು ಮೊದಲು ಕೇಳುತ್ತೇನೆ. ಎಲ್ಲರೂ ಕೂಡಿ ಗಲ್ಲಿಗೇರಿಸಿದ ಎಷ್ಟೋ ಮದರ್‌ಬೋರ್ಡುಗಳನ್ನು, ಸಡಿಲಾದ ಒಂದು ರ‍್ಯಾಮ್ ಪಟ್ಟಿಯನ್ನು ಒತ್ತಿ ಕೂರಿಸಿ ಬದುಕಿಸಿದ್ದೇನೆ. ಅನುಮಾನಿಸುವುದನ್ನು ನಮ್ಮ ಜನ ದುರ್ಗುಣ ಎನ್ನುತ್ತಾರೆ. ನನ್ನ ಅನ್ನ ಅದರಲ್ಲೇ ಇದೆ. ಆದರೆ ಈಗ ಹೇಳುವ ಪ್ರಕರಣದಲ್ಲಿ ನಾನು ಎರಡು ದಿನ ಎಲ್ಲವನ್ನೂ ಅನುಮಾನಿಸಿದೆ, ನನ್ನೊಬ್ಬನನ್ನು ಬಿಟ್ಟು. ಅದನ್ನೂ ಮುಚ್ಚಿಡದೆ ಹೇಳಬೇಕು.

ಒಂದು ಮಂಗಳವಾರ ನರಗುಂದದಿಂದ ಫೋನು ಬಂತು.

“ತಮ್ಮಾ, ನಾ ಗಿರಿಜಾ ಅಂತ. ಹೈಸ್ಕೂಲಿನ್ಯಾಗ ಕನ್ನಡ ಕಲಸ್ತೀನಿ. ನನಗ ಕಣ್ಣ ಕಾಣಂಗಿಲ್ಲ. ನನ್ನ ಕಂಪ್ಯೂಟರ್ ಓದಿ ಹೇಳ್ತೈತಿ. ಆದ್ರ ಸಾಲಿ ಕಾಗದ ಹಾಕಿದ್ರ ಹುಚ್ಚುಚ್ಚಾರ ಒದರ್ತೈತಿ. ಶನಿವಾರದೊಳಗ ನೆಟ್ಟಗಾಗಬೇಕು.”

“ಶನಿವಾರ ಏನೈತ್ರಿ?”

“ಹತ್ತನೇ ಕ್ಲಾಸು ನನ್ನ ಕಡೆ ಉಳಿತೈತೋ ಇಲ್ಲೋ ಅನ್ನೂದೈತಿ.”

ಶಾಲೆಯ ಹೆಸರು ಬೇಡ. ಆಡಳಿತ ಸಮಿತಿಯೊಂದು ನಡೆಸುವ ಖಾಸಗಿ ಪ್ರೌಢಶಾಲೆ ಅಂದರೆ ಸಾಕು. ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಗಿರಿಜಾ ಅಕ್ಕೋರು ಅಲ್ಲಿ ಹದಿನೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದರು. ಗ್ಲಾಕೋಮಾ ಎಂಬ ರೋಗ ಆರು ವರ್ಷ ತೆಗೆದುಕೊಂಡು ಅವರ ದೃಷ್ಟಿಯನ್ನು ಅಂಚಿನಿಂದ ನಡುವಿನ ತನಕ ತಿಂದು ಮುಗಿಸಿತ್ತು. ಪಾಠಕ್ಕೆ ತೊಂದರೆ ಇರಲಿಲ್ಲ, ಪದ್ಯವೆಲ್ಲ ಬಾಯಲ್ಲೇ ಇತ್ತು. ಆದರೆ ಪ್ರಶ್ನೆಪತ್ರಿಕೆ, ಸುತ್ತೋಲೆ, ಟಿಪ್ಪಣಿಗಳನ್ನು ಇನ್ನೊಬ್ಬರ ನೆರವಿಲ್ಲದೆ ಓದಲಾರರು ಎಂಬುದು ಹೆಡ್‌ಮಾಸ್ತರರ ತಕರಾರು. ಶನಿವಾರ ಸಮಿತಿಯ ಮುಂದೆ ಸ್ವತಃ ಓದಿ ತೋರಿಸಬೇಕು, ಇಲ್ಲವಾದರೆ ಹತ್ತನೇ ತರಗತಿ ಬೇರೆಯವರಿಗೆ, ಅಕ್ಕೋರು ಲೈಬ್ರರಿಗೆ.

“ಅಂಗವಿಕಲರ ಕಾನೂನು ನಿಮ್ಮ ಕಡೆ ಐತ್ರಿ” ಅಂದೆ.

“ಗೊತ್ತೈತಿ. ಆದ್ರ ನಾ ಕೋರ್ಟಿನ್ಯಾಗ ಗೆದ್ದು ಬರೂದ್ರಾಗ ಈ ಹುಡುಗ್ರು ಕಾಲೇಜ್ ಮುಗಿಸಿರ್ತಾರ. ನೀ ಬುಧವಾರ ಬಾ.”

ಬುಧವಾರ ಹೋದೆ. ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಸ್ಕ್ರೀನ್ ರೀಡರ್ ಹಾಕಿದ್ದರು. ತೆರೆಯ ಮೇಲಿನ ಅಕ್ಷರವನ್ನು ದನಿಯಾಗಿಸುವ ತಂತ್ರಾಂಶ ಅದು. ಬಳಸುವವರು ಮೌಸ್ ಮುಟ್ಟುವುದಿಲ್ಲ, ಬಾಣದ ಗುರುತಿನ ಕೀಲಿಗಳನ್ನು ಒತ್ತುತ್ತಾ ಹೋದಂತೆ ಯಂತ್ರ ಒಂದೊಂದನ್ನೇ ಹೇಳುತ್ತದೆ. ಪಕ್ಕದಲ್ಲಿ ಅಕ್ಕೋರ ಅತ್ತೆ ನೀಲವ್ವ ಹೆಸರಕಾಳು ಹಸನು ಮಾಡುತ್ತಾ ಕುಳಿತಿದ್ದರು. ನಾನು ಅವರತ್ತ ತಿರುಗಿ ಕೇಳಿದೆ:

“ಅಮ್ಮಾರ, ಇವರಿಗೆ ಕೀಬೋರ್ಡ್ ಎಲ್ಲಾ ಬರತೈತೇನ್ರಿ?”

ಮುದುಕಿ ಕಾಳಿನ ಮೊರ ಕೆಳಗಿಟ್ಟರು. “ನನ್ನ ಯಾಕ ಕೇಳ್ತಿ? ನನಗ ಮಿಕ್ಸರ್ ಹಚ್ಚಾಕ ಬರೂದಿಲ್ಲ. ಅಕಿ ಅಲ್ಲೇ ಕುಂತಾಳಲ್ಲ, ಅಕಿನ್ನ ಕೇಳು. ಕಣ್ಣ ಹೋಗ್ಯಾವ ಅಕಿಗೆ, ಬಾಯಿ ಹೋಗಿಲ್ಲ.”

“ಬಾಯಿ ಮಾತ್ರ ಹೋಗಂಗಿಲ್ಲ ಅಂತ ಅತ್ತಿಗೆ ದಿನಾ ಅನುಭವ ಐತಿ” ಎಂದು ಅಕ್ಕೋರು ನಕ್ಕರು. ನಾನು ನಗಲಿಲ್ಲ. ಎದುರಿಗೆ ಕೂತವರನ್ನು ಬಿಟ್ಟು ಪಕ್ಕದವರನ್ನು ಕೇಳಿದ್ದೆ, ಅದೂ ಪ್ರಶ್ನೆ ಕೇಳುವುದನ್ನೇ ಕಲಿತು ಬಂದವನು.

ಆದರೂ ಬುದ್ಧಿ ಬರಲು ಇನ್ನೂ ಒಂದು ದಿನ ಬೇಕಾಯಿತು. ಬುಧವಾರವೆಲ್ಲ ಸೌಂಡ್ ಡ್ರೈವರ್ ಬದಲಿಸಿದೆ. ಕನ್ನಡ ದನಿಯನ್ನು ತೆಗೆದು ಮತ್ತೆ ಹಾಕಿದೆ. ಗುರುವಾರ ಸ್ಕ್ರೀನ್ ರೀಡರನ್ನೇ ಅಳಿಸಿ ಹೊಸದಾಗಿ ಕೂರಿಸಿದೆ. ಶಾಲೆಯ ಸುತ್ತೋಲೆ ತೆರೆದರೆ ಮತ್ತೆ ಅದೇ ಗೊಗ್ಗರು ಗದ್ದಲ. ನನ್ನ ಕಣ್ಣಿಗೆ ತೆರೆಯ ಮೇಲೆ ಸ್ವಚ್ಛ ಕನ್ನಡ ಕಾಣುತ್ತಿತ್ತು, ಯಂತ್ರದ ಬಾಯಲ್ಲಿ ಬರುತ್ತಿದ್ದದ್ದು ಕನ್ನಡವಲ್ಲ. ಕೊನೆಗೆ, ಅಕ್ಕೋರೇ ಯಾವುದೋ ತಪ್ಪು ಕೀಲಿ ಒತ್ತಿ ಭಾಷೆ ಬದಲಿಸುತ್ತಿದ್ದಾರೆ ಎಂದು ತೀರ್ಮಾನಿಸಿ, ಅದನ್ನು ಮೆಲ್ಲಗೆ ಹೇಳಿಯೂ ಬಿಟ್ಟೆ.

ಅವರು ತಾವೇ ಟೈಪ್ ಮಾಡಿದ್ದ ಒಂದು ಪಾಠ ತೆರೆದರು. ಯಂತ್ರ ಸರಾಗವಾಗಿ ಓದಿತು. ಅದೇ ಬೆರಳು, ಅದೇ ಕೀಲಿ. ಶಾಲೆಯ ಸುತ್ತೋಲೆ ತೆರೆದರೆ ಗದ್ದಲ.

“ನಾ ಬರದದ್ದು ಓದ್ತೈತಿ, ಸಾಲ್ಯಾಗ ಬರದದ್ದು ಓದಂಗಿಲ್ಲ. ಯಂತ್ರಾನೂ ಮಂದಿ ನೋಡಿ ಮಾತಾಡ್ತೈತೇನ ತಮ್ಮಾ? ಯಂತ್ರ ಒಂದ, ನಾನೂ ಒಬ್ಬಾಕಿನ. ಬ್ಯಾರೆ ಇರೂದು ಫೈಲ್ ಅಷ್ಟ. ಹಂಗಾರ ತಪ್ಪು ಎಲ್ಲೈತಿ?”

ಎರಡು ದಿನ ನಾನು ಬಿಚ್ಚಿ ಕೂಡಿಸಿ ಕಂಡುಕೊಳ್ಳದ್ದನ್ನು ಅವರು ಎರಡು ನಿಮಿಷದಲ್ಲಿ ವಾದಿಸಿ ಮುಗಿಸಿದ್ದರು.

ತಪ್ಪು ಅಕ್ಷರದ ಒಡಲಲ್ಲಿತ್ತು. ಈಗ ಕನ್ನಡ ಬರೆಯುವುದು ಯೂನಿಕೋಡ್ ಪದ್ಧತಿಯಲ್ಲಿ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ‘ಕ’ ಎಂದರೆ ಒಳಗೂ ‘ಕ’ವೇ. ಹಳೆಯ ಫಾಂಟುಗಳಲ್ಲಿ ಹಾಗಿಲ್ಲ. ತೆರೆಯ ಮೇಲೆ ‘ಕ’ ಕಾಣುತ್ತದೆ, ಒಳಗೆ ಉಳಿಯುವುದು ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಗೀಟು ಹೊತ್ತ ‘ಎ’. ಫಾಂಟ್ ಎಂಬುದು ಅವುಗಳ ಮುಖಕ್ಕೆ ಕನ್ನಡದ ಮುಖವಾಡ ತೊಡಿಸುತ್ತದೆ. ಕಣ್ಣಿದ್ದವರು ಮುಖವಾಡ ನೋಡಿ ಓದಿಕೊಳ್ಳುತ್ತೇವೆ. ಸ್ಕ್ರೀನ್ ರೀಡರ್ ಮುಖವಾಡ ನೋಡುವುದಿಲ್ಲ, ಒಳಗಿರುವುದನ್ನೇ ಹೇಳುತ್ತದೆ. ಅಂದರೆ ಆ ಯಂತ್ರ ಮೊದಲ ದಿನದಿಂದ ಖರೇ ಮಾತನ್ನೇ ಹೇಳುತ್ತಿತ್ತು.

ಶುಕ್ರವಾರ ಹಳೆಯ ಫಾಂಟನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕವೊಂದನ್ನು ಹಾಕಿ, ಎರಡು ಕೀಲಿ ಒಟ್ಟಿಗೆ ಒತ್ತಿದರೆ ಅದು ಕೆಲಸ ಮಾಡುವಂತೆ ಕೂರಿಸಿದೆ. ಕಡತದ ಅಕ್ಷರವನ್ನೆಲ್ಲ ನಕಲಿಸಿ, ಪರಿವರ್ತಕಕ್ಕೆ ಸುರಿದು, ಬಂದದ್ದನ್ನು ಓದಿಸಬೇಕು. ಮೊದಲ ಸಲ ಅಕ್ಕೋರಿಗೆ ಹನ್ನೊಂದು ನಿಮಿಷ ಹಿಡಿಯಿತು. ಸಂಜೆಯ ಹೊತ್ತಿಗೆ ಎರಡಕ್ಕಿಳಿಯಿತು. ಹೆಡ್‌ಮಾಸ್ತರರಿಗೂ ಫೋನ್ ಮಾಡಿ, ಇನ್ನು ಮುಂದೆ ಯೂನಿಕೋಡಿನಲ್ಲಿ ಟೈಪ್ ಮಾಡಿಸಿದರೆ ಇದ್ಯಾವ ರಗಳೆಯೂ ಇರುವುದಿಲ್ಲ ಎಂದೆ.

“ಒಬ್ಬರ ಸಂಬಂಧ ಸಾಲಿ ಪದ್ಧತಿ ಬದಲಾಗಂಗಿಲ್ಲಪಾ” ಎಂದು ಫೋನಿಟ್ಟರು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಯಾಬಿನೆಟ್ಟು, ಕೀಬೋರ್ಡು, ಸ್ಪೀಕರುಗಳನ್ನು ಆಟೋದಲ್ಲಿ ಹೇರಿಕೊಂಡು ಶಾಲೆಗೆ ಹೋದೆವು. ಹೆಡ್‌ಮಾಸ್ತರರ ಕೋಣೆಯಲ್ಲಿ ಸಮಿತಿಯ ಚೇರ್ಮನ್ನರು, ಇನ್ನಿಬ್ಬರು ಸದಸ್ಯರು. ಚೇರ್ಮನ್ನರದು ಪೇಟೆಯಲ್ಲಿ ಮೂರು ತಲೆಮಾರಿನ ಅಡತ್ ಅಂಗಡಿ, ಕಾಳುಕಡಿಯ ದಲ್ಲಾಳಿ ವ್ಯಾಪಾರ; ಕಂಡರೆ ಊರೆಲ್ಲ ಎದ್ದು ನಿಲ್ಲುವ ಹಿರಿಯರು. ವೈರು ಜೋಡಿಸಿದ ಮೇಲೆ ಅವರು ಕೇಳಿದರು:

“ಅಲ್ಲೋ ತಮ್ಮಾ, ಟೀವಿ ಎಲ್ಲೈತಿ ಇದಕ್ಕ?”

“ಮಾನಿಟರ್ ಅಕ್ಕೋರಿಗೆ ಬೇಕಾಗಂಗಿಲ್ರಿ.”

“ಹಂಗಾರ ನಾವೇನ ನೋಡೂದು?”

“ಕೇಳ್ರಿ” ಎಂದರು ಅಕ್ಕೋರು.

ಹೆಡ್‌ಮಾಸ್ತರರು ಎರಡು ಷರತ್ತು ಹಾಕಿದರು. ನಾನು ಆ ಯಂತ್ರ ಮುಟ್ಟಬಾರದು. ಎರಡನೆಯದು, “ಇಯರ್‌ಫೋನ್ ಬ್ಯಾಡ. ಸ್ಪೀಕರ್ ಜೋರ್ ಇಡ್ರಿ. ಕಿವ್ಯಾಗ ಯಾರು ಏನ್ ಹೇಳಿಕೊಡ್ತಾರ, ನಮಗೇನ ಗೊತ್ತು?” ಎರಡಕ್ಕೂ ಅಕ್ಕೋರು ಒಪ್ಪಿದರು. ಆಮೇಲೆ ಹೆಡ್‌ಮಾಸ್ತರರು ಮೇಜಿನ ಖಾನೆಯಿಂದ ತಮ್ಮ ಪೆನ್‌ಡ್ರೈವ್ ತೆಗೆದು ಕೊಟ್ಟರು. “ಇದರಾಗ ಟೈಮ್‌ಟೇಬಲ್ ಅಂತ ಫೈಲ್ ಐತಿ. ಹುಡುಕಿ ತಗದು ಓದ್ರಿ.”

ಇಲ್ಲಿ ಒಂದು ಮಾತು ಹೇಳಬೇಕು. ಹಳೆಯ ಫಾಂಟುಗಳಲ್ಲಿ ಕಡತದ ಒಳಗೆ ಮಾತ್ರ ಕನ್ನಡ ಮೂಡುತ್ತದೆ, ಕಡತದ ಹೆಸರಿಗೆ ಆ ಮುಖವಾಡ ಹೊಂದುವುದಿಲ್ಲ. ಆದ್ದರಿಂದ ಹೆಸರನ್ನು ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ, ಪಟ್ಟಿಯೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ನಿಲ್ಲುತ್ತದೆ. ಬಾಣದ ಕೀಲಿ ಒತ್ತುತ್ತಾ ಟೈಮ್‌ಟೇಬಲಿನ ‘ಟಿ’ ತಲುಪಬೇಕಾದರೆ ಮೊದಲಿನವನ್ನೆಲ್ಲ ದಾಟಬೇಕು.

ಅಕ್ಕೋರು ಪೆನ್‌ಡ್ರೈವ್ ಸಿಕ್ಕಿಸಿ ಕೆಳಬಾಣ ಒತ್ತಿದರು. ಯಂತ್ರ ಮೂಗಿನಿಂದ ಹೇಳಿತು: “ಅಸೆಂಬ್ಲಿ ಲಿಸ್ಟ್.”

ಮತ್ತೊಮ್ಮೆ. “ಬಿಸಿಯೂಟ ಜೂನ್.”

ಮತ್ತೊಮ್ಮೆ. “ಗಿರಿಜಾ ಟೀಚರ್ ಲೈಬ್ರರಿ ಆರ್ಡರ್ ಫೈನಲ್.”

ಅಕ್ಕೋರು ಮೇಲ್ಬಾಣ ಒತ್ತಿ, ಮತ್ತೆ ಕೆಳಬಾಣ ಒತ್ತಿದರು. ಯಂತ್ರ ಯಾರ ಮುಲಾಜೂ ನೋಡದೆ ಇನ್ನೊಮ್ಮೆ ಹೇಳಿತು: “ಗಿರಿಜಾ ಟೀಚರ್ ಲೈಬ್ರರಿ ಆರ್ಡರ್ ಫೈನಲ್.”

“ಏನಿದು ಹೆಡ್‌ಮಾಸ್ತರ?” ಎಂದರು ಚೇರ್ಮನ್ನರು. ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನನ್ನ ಹತ್ತಿರ ಪುರಾವೆ ಇಲ್ಲ. ಆದ್ದರಿಂದ ಹೇಳುವುದಿಲ್ಲ.

“ಕಚ್ಚಾ ಐತ್ರೀ. ಸುಮ್ನ ಕಚ್ಚಾ ಬರದಿಟ್ಟಿದ್ದೆ.”

“ಫೈನಲ್ ಅಂತೈತಲ್ರಿ ಸರ” ಎಂದರು ಅಕ್ಕೋರು. “ಇರ್ಲಿ. ಟೈಮ್‌ಟೇಬಲ್ ನನಗ ಬಾಯಿಪಾಠ ಐತಿ. ಇದನ್ನ ಓದ್ತೀನಿ.”

ಎಂಟರ್ ಒತ್ತಿದರು. ಯಂತ್ರ ಅದೇ ಹಳೆಯ ಗದ್ದಲ ಎಬ್ಬಿಸಿತು. ಒಬ್ಬ ಸದಸ್ಯರು, “ಇದ್ಯಾವ ದೇಶದ ಮಂತ್ರರೀ?” ಎಂದು ಕಿಸಕ್ಕನೆ ನಕ್ಕರು. ಹೆಡ್‌ಮಾಸ್ತರರಿಗೆ ಜೀವ ಬಂತು. “ನೋಡ್ರಿ, ನಾ ಹೇಳಿದ್ದು ಇದನ್ನ. ಆರ್ಡರಿನ್ಯಾಗ ಬರದದ್ದು ಸುಳ್ಳಲ್ರಿ.”

ಅಕ್ಕೋರ ಬೆರಳು ಪರಿವರ್ತಕದ ಕೀಲಿಯತ್ತ ಹೊರಟಿತ್ತು. ನಾನು ಸುಮ್ಮನಿದ್ದರೂ ಅವರು ಗೆಲ್ಲುತ್ತಿದ್ದರು. ಆದರೆ ಆ ಗೆಲುವಿನ ಅರ್ಥ ಏನಾಗುತ್ತಿತ್ತು? ಕೊರತೆ ಇವರದೇ, ಹೇಗೋ ತೇಪೆ ಹಚ್ಚಿಕೊಂಡಿದ್ದಾರೆ ಎಂದಾಗುತ್ತಿತ್ತು. ಎದುರಾಳಿಯ ಸುಳ್ಳು ಆಧಾರವನ್ನು ಒಪ್ಪಿಕೊಂಡು ಗೆದ್ದ ವಾದ ಮುಂದಿನ ಸುತ್ತಿನಲ್ಲಿ ಬಿದ್ದೇ ಬೀಳುತ್ತದೆ.

“ಒಂದ ನಿಮಿಷ ಅಕ್ಕೋರ” ಎಂದು ಎದ್ದೆ. “ಚೇರ್ಮನ್ನರ, ನಾ ಇವರ ಯಂತ್ರ ಮುಟ್ಟಂಗಿಲ್ರಿ. ನನ್ನ ಲ್ಯಾಪ್‌ಟಾಪ್ ಐತಿ, ಅದಕ್ಕ ಪೆನ್‌ಡ್ರೈವ್ ಹಾಕ್ತೀನಿ. ಇದ ಫೈಲ್ ಹೆಡ್‌ಮಾಸ್ತರು ಓದ್ಲಿ.”

ನನ್ನ ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಫಾಂಟ್ ಇರಲಿಲ್ಲ. ಕಡತ ತೆರೆದಾಗ ತೆರೆಯ ತುಂಬ ಮುಖವಾಡ ಕಳಚಿದ ಇಂಗ್ಲಿಷ್ ಅಕ್ಷರ, ಗೀಟು, ಚುಕ್ಕೆ, ಕೊಂಡಿ. ಹೆಡ್‌ಮಾಸ್ತರರ ಮುಂದಿಟ್ಟೆ.

“ಓದ್ರಿ ಸರ. ನೀವ ಬರಸಿದ್ದು.”

ಅವರು ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. “ನಿನ್ನ ಲ್ಯಾಪ್‌ಟಾಪ್ ಕೆಟ್ಟೈತಿ.”

“ಅಕ್ಕೋರ ಯಂತ್ರಾನೂ ಕೆಟ್ಟೈತಿ, ನನ್ನದೂ ಕೆಟ್ಟೈತಿ. ನಿಮ್ಮ ಫೈಲ್ ಒಂದ ಚಲೋ ಐತೇನ್ರಿ?”

ಚೇರ್ಮನ್ನರು ಜೇಬಿನಿಂದ ಕನ್ನಡಕ ತೆಗೆದು ಬಗ್ಗಿದರು. “ಚಾಳೀಸ ಹಾಕ್ಕೊಂಡ್ರೂ ಬರಂಗಿಲ್ರಿ” ಅಂದೆ. ಸೊಕ್ಕಿನ ಮಾತೇ, ಆದರೆ ಸುಳ್ಳಲ್ಲ.

ಆಗ ಅಕ್ಕೋರು ಹೆಡ್‌ಮಾಸ್ತರರ ಉಸಿರು ಕೇಳಿಸುವತ್ತ ಮುಖ ಮಾಡಿದರು. “ಸರ, ಈ ಕಾಗದ ನಿಮಗೂ ಓದಾಕ ಬರವಲ್ದು. ಸೋಮವಾರದಿಂದ ನೀವೂ ಲೈಬ್ರರಿಗೆ ಬರ್ತೀರೇನ್ರಿ? ಒಂದ ಕುರ್ಚಿ ಹೆಚ್ಚಿಗಿ ಹಾಕಸ್ತೀನಿ.”

ಮೊದಲು ನಕ್ಕವರು ಚೇರ್ಮನ್ನರು. ನಗು ನಿಲ್ಲುವ ಹೊತ್ತಿಗೆ ಪೆನ್‌ಡ್ರೈವ್ ಮತ್ತೆ ಅಕ್ಕೋರ ಯಂತ್ರಕ್ಕೆ ಬಂದಿತ್ತು. ನಕಲಿಸಿದರು, ಸುರಿದರು, ಕೀಲಿ ಒತ್ತಿದರು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ದಾಟಿರಲಿಲ್ಲ. ಯಂತ್ರ ಹೇಳಿದ್ದನ್ನು ಅವರು ತರಗತಿಯಲ್ಲಿ ಗದ್ಯ ಓದುವ ದನಿಯಲ್ಲಿ, ಸಾಲುಸಾಲಾಗಿ ಹಿಂದೆಯೇ ಹೇಳುತ್ತಾ ಹೋದರು: “ಸದರಿ ಶಿಕ್ಷಕಿಯವರು ದೃಷ್ಟಿದೋಷದ ಕಾರಣ ಯಾವುದೇ ಕಾಗದಪತ್ರವನ್ನು ಸ್ವತಃ ಓದಲು ಅಸಮರ್ಥರಾಗಿರುವುದರಿಂದ...”

ಅಲ್ಲಿಗೆ ನಿಲ್ಲಿಸಿ ಕೇಳಿದರು. “ಮುಂದ ಓದ್ಲೇನ್ರಿ?”

“ಸಾಕ ಬಿಡವ್ವ” ಎಂದರು ಚೇರ್ಮನ್ನರು.

ಹತ್ತನೇ ತರಗತಿ ಅಕ್ಕೋರಲ್ಲೇ ಉಳಿಯಿತು. ಸುತ್ತೋಲೆಗಳು ಯೂನಿಕೋಡಿಗೆ ಬರಲು ದಸರೆ ರಜೆಯ ತನಕ ಹಿಡಿಯಿತು. ಅಲ್ಲಿಯವರೆಗೆ ಪ್ರತಿ ಕಾಗದಕ್ಕೂ ಎರಡೆರಡು ನಿಮಿಷ ಅವರೇ ದಂಡ ತೆತ್ತರು. ಆ ಶಾಲೆ ಆಮೇಲೆ ನನ್ನನ್ನು ರಿಪೇರಿಗೆ ಕರೆದಿಲ್ಲ. ಹೆಡ್‌ಮಾಸ್ತರರು ಊರಲ್ಲಿ ನನ್ನನ್ನು ಬಾಯಿಬಡಕ ಅನ್ನುತ್ತಾರಂತೆ. ಅದಕ್ಕೆ ಪುರಾವೆ ಸಾಕಷ್ಟಿದೆ, ನಾನು ವಾದಿಸುವುದಿಲ್ಲ.

ಈ ಕಸುಬಿನಲ್ಲಿ ಒಂದು ಹಳೆಯ ನಿಯಮವಿದೆ: ಯಾವ ಭಾಗ ಕೆಟ್ಟಿದೆ ಎಂದು ತಿಳಿಯದಿದ್ದರೆ, ಅದನ್ನು ಇನ್ನೊಂದು ಯಂತ್ರಕ್ಕೆ ಹಾಕಿ ನೋಡು. ರ‍್ಯಾಮಿಗೆ, ಹಾರ್ಡ್ ಡಿಸ್ಕಿಗೆ, ಕೇಬಲ್ಲಿಗೆ ನಾವು ಈ ನ್ಯಾಯ ಕೊಡುತ್ತೇವೆ, ಪರೀಕ್ಷೆ ಮಾಡದೆ ಯಾವುದನ್ನೂ ಕಸಕ್ಕೆ ಎಸೆಯುವುದಿಲ್ಲ. ಮನುಷ್ಯರ ವಿಷಯ ಬಂದರೆ ಮಾತ್ರ ಪರೀಕ್ಷೆಗೆ ಮೊದಲೇ ಆರ್ಡರ್ ಟೈಪಾಗಿರುತ್ತದೆ, ಹೆಸರಿನ ಮುಂದೆ ಫೈನಲ್ ಎಂದೂ ಇರುತ್ತದೆ. ಅದನ್ನು ಜೋರಾಗಿ ಓದಿ ಹೇಳುವ ಸ್ಪೀಕರ್ ಒಂದು ಎಲ್ಲ ಕೋಣೆಗಳಲ್ಲೂ ಇರುವುದಿಲ್ಲ. ಇಲ್ಲದ ಕಡೆ ಬಾಯಿಬಡಕರು ಬೇಕಾಗುತ್ತಾರೆ.